ಅಶರೀರವಾಣಿಗೆ ಬಂದ ಪತ್ರ

ನಮ್ಮಜ್ಜಿಗೆ ರೇಡಿಯೋ ಜೊತೆ ಜಗಳವಾಡುವ ಅಭ್ಯಾಸವಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಗೋಡೆಗೂಡಿನಲ್ಲಿದ್ದ ಟ್ರಾನ್ಸಿಸ್ಟರನ್ನು ಜಗಲಿಗೆ ತರುತ್ತಿದ್ದ. ಅದರ ಸೆಲ್ಲುಗಳನ್ನು ಹಗಲೆಲ್ಲ ಬಿಸಿಲಿಗೆ ಕಾಯಿಸಿ, ಇನ್ನೊಂದು ವಾರ ಬಾಳಿಕೆ ಬಂದರೆ ಸಾಕೆಂದು ಮತ್ತೆ ಒಳಗೆ ತೂರಿಸುವುದು ನನ್ನ ಕೆಲಸ. ರೈತರ ಕಾರ್ಯಕ್ರಮ ಶುರುವಾಗುವಷ್ಟರಲ್ಲಿ ಅಕ್ಕಪಕ್ಕದ ಮನೆಯ ನಾಲ್ಕಾರು ಗಂಡಸರು ಬಂದು ಕಂಬಕ್ಕೊರಗಿ ಕೂತಿರುತ್ತಿದ್ದರು. ಅಜ್ಜಿ ಹೊಸ್ತಿಲೊಳಗೇ ಕೂತು, ಅವರೆಕಾಯಿ ಸುಲಿಯುತ್ತಲೋ ರಾಗಿ ಕೇರುತ್ತಲೋ ಕೇಳುತ್ತಿದ್ದಳು. ಸಾಲಿನಲ್ಲಿ ಬಿತ್ತಿ, ಎಕರೆಗೆ ಇಷ್ಟು ಯೂರಿಯಾ ಹಾಕಿ ಎಂದು ರೇಡಿಯೋದೊಳಗಿನ ದನಿ ಹೇಳಿದ ಕೂಡಲೇ ಇವಳ ದನಿ ಏಳುತ್ತಿತ್ತು. "ಅಲ್ಲಪ್ಪಾ, ನಮ್ಮ ಹೊಲದ ಮಣ್ಣು ನೋಡಿದ್ದೀಯಾ ನೀನು? ಮಳೆ ಹುಯ್ಯದೆ ಗೊಬ್ಬರ ಹಾಕಿದ್ರೆ ಪೈರು ಸುಟ್ಟೋಗಲ್ವಾ?" ಅಷ್ಟರಲ್ಲಿ ರೇಡಿಯೋ ತನ್ನ ಪಾಡಿಗೆ ತಾನು ಮುಂದಿನ ವಿಷಯಕ್ಕೆ ಹೋಗಿರುತ್ತಿತ್ತು. ಗಂಡಸರು ನಗುತ್ತಿದ್ದರು. "ನಿನ್ನ ಮಾತು ಅದಕ್ಕೆ ಕೇಳ್ಸಲ್ಲ ಕಣಮ್ಮ" ಎಂದು ಅಪ್ಪ ಹೇಳಿದರೆ, "ಬಾಯಿ ಮಡಗಿದವರು ಒಂದು ಕಿವೀನೂ ಮಡಗಬೇಕಿತ್ತು" ಅನ್ನುತ್ತಿದ್ದಳು.

ಬಹಳ ವರ್ಷ ಇದನ್ನು ನಾನು ಗೆಳೆಯರಿಗೆ ತಮಾಷೆಯ ಕತೆಯಾಗಿ ಹೇಳಿದ್ದೇನೆ. ಈಗ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಈ ಬರಹ.

ಕೇಳಬೇಕಾದ ಪ್ರಶ್ನೆ ಹೊಸದಲ್ಲ. ಇನ್ನೊಬ್ಬರಿಗೆ ಯಾವುದು ಒಳ್ಳೆಯದೆಂದು ಹೇಳುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಓದಿನಿಂದಲೇ, ಅಧಿಕಾರದಿಂದಲೇ, ಅಥವಾ ಅವರ ಮೇಲಿನ ಪ್ರೀತಿಯಿಂದಲೇ? ಮನೆಯಲ್ಲಿ, ಶಾಲೆಯಲ್ಲಿ, ಮದುವೆ ಮಾತುಕತೆಯಲ್ಲಿ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಆದರೆ ಒಂದು ದೇಶವೇ ತನ್ನ ಪ್ರಜೆಗಳಿಗೆ ಬುದ್ಧಿ ಹೇಳಲು ಹೊರಟಾಗ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೆ ರೇಡಿಯೋ ಒಳ್ಳೆಯ ಉದಾಹರಣೆ. ದೇಶ ಕಟ್ಟುವ ಕೆಲಸಕ್ಕೆ ನಮ್ಮಲ್ಲಿ ಅದನ್ನು ಬಳಸಿಕೊಂಡಷ್ಟು ಇನ್ನಾವ ಯಂತ್ರವನ್ನೂ ಬಳಸಿಕೊಂಡಿರಲಾರೆವು.

ಅದಕ್ಕೆ ಕಾರಣವೂ ಇತ್ತು. 1951ರ ಜನಗಣತಿಯಂತೆ ಈ ದೇಶದಲ್ಲಿ ಓದು ಬರಹ ಬಲ್ಲವರು 100ಕ್ಕೆ 18 ಜನ ಮಾತ್ರ. ಉಳಿದವರಿಗೆ ಪತ್ರಿಕೆ ತಲುಪಿದರೂ ಪ್ರಯೋಜನವಿರಲಿಲ್ಲ. ದನಿಗೆ ಅಕ್ಷರದ ಹಂಗಿಲ್ಲ. ಕಿವಿಯಿದ್ದವರಿಗೆಲ್ಲ ಅದು ತಲುಪುತ್ತದೆ. ಆದರೆ ಸ್ವಾತಂತ್ರ್ಯ ಬಂದಾಗ ಆಲ್ ಇಂಡಿಯಾ ರೇಡಿಯೋದ ಕೈಯಲ್ಲಿ ಇದ್ದದ್ದು 6 ನಿಲಯ, 18 ಟ್ರಾನ್ಸ್‌ಮಿಟರ್. ದೇಶದ ನೆಲದ ಶೇ 2.5ರಷ್ಟು ಭಾಗಕ್ಕೆ, ಜನರಲ್ಲಿ ಶೇ 11ರಷ್ಟು ಮಂದಿಗೆ ಮಾತ್ರ ಅದರ ದನಿ ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ನಿಲಯಗಳು ಒಂದೊಂದಾಗಿ ಹುಟ್ಟಿಕೊಂಡವು. ಕನ್ನಡನಾಡಿನಲ್ಲಿ 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, ಅರವತ್ತರ ದಶಕದಲ್ಲಿ ಭದ್ರಾವತಿ ಮತ್ತು ಕಲಬುರಗಿ, 1976ರಲ್ಲಿ ಮಂಗಳೂರು. ಬೆಂಗಳೂರು ನಿಲಯದಿಂದ ಹಳ್ಳಿಯವರ ಮಾತಿನಲ್ಲೇ ಹಳ್ಳಿಯವರೊಂದಿಗೆ ಹರಟಿದ ಎ.ಎಸ್. ಮೂರ್ತಿ ಅವರು ನಾಡಿಗೆಲ್ಲ 'ಆಕಾಶವಾಣಿ ಈರಣ್ಣ' ಆಗಿಬಿಟ್ಟರು. ಸರ್ಕಾರದ ಮಾತು ಸರ್ಕಾರದ ಭಾಷೆಯಲ್ಲಿ ಹೋದರೆ ಜಗಲಿ ಹತ್ತುವುದಿಲ್ಲ ಎಂದು ಬಲ್ಲವರು ಆ ನಿಲಯಗಳ ಒಳಗೆ ಇದ್ದರು.

'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ನಮ್ಮ ಮೈಸೂರಿನಲ್ಲೇ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರ ತೆರೆದರು. ಅದಕ್ಕೆ ಇಟ್ಟ ಹೆಸರನ್ನೇ ಐವತ್ತರ ದಶಕದಲ್ಲಿ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಪುರಾಣ ಬಲ್ಲವರಿಗೆ ಈ ಹೆಸರಿನ ಚೆಲುವು ಕೂಡಲೇ ತಿಳಿಯುತ್ತದೆ. ತಂಗಿಯ ಮದುವೆಯ ದಿಬ್ಬಣದ ರಥ ನಡೆಸುತ್ತಿದ್ದ ಕಂಸನಿಗೆ ಅಶರೀರವಾಣಿ ಕೇಳಿಸುತ್ತದೆ: ಇವಳ ಎಂಟನೆಯ ಮಗುವೇ ನಿನ್ನ ಸಾವು ಎಂದು. ಕಂಸ ಕತ್ತಿ ಹಿರಿಯುತ್ತಾನೆ. ಅವನಿಗೆ ಒಂದು ಪ್ರಶ್ನೆ ಕೇಳಬೇಕೆನಿಸಿದ್ದರೂ ಕೇಳುವಂತಿರಲಿಲ್ಲ. ಯಾರನ್ನು ಕೇಳುವುದು? ಹೇಳಿದವರಿಗೆ ಶರೀರವಿಲ್ಲ. ನಮ್ಮ ಪುರಾಣದ ಆಕಾಶವಾಣಿ ನಿಜವನ್ನೇ ಹೇಳುತ್ತದೆ, ಆದರೆ ಹೇಳಿದ್ದಕ್ಕೆ ಎದುರು ಮಾತು ಕೇಳುವುದಿಲ್ಲ. ಮುಂದೆ ಆಗುವುದಕ್ಕೆ ಹೊಣೆಯಾಗಿಯೂ ನಿಲ್ಲುವುದಿಲ್ಲ. ಹೆಸರಿನೊಂದಿಗೆ ಈ ಗುಣವೂ ಬಂದಿರಬಹುದೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಒಮ್ಮುಖದ ಮಾತೆಲ್ಲ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಕಡಲಿಗಿಳಿಯುವ ಮೀನುಗಾರನಿಗೆ ಗಾಳಿಯ ಮುನ್ಸೂಚನೆ ಬೇಕು, ಚರ್ಚೆ ಬೇಡ. ಮಗುವಿಗೆ ಯಾವ ದಿನ ಪೋಲಿಯೋ ಹನಿ ಹಾಕುತ್ತಾರೆಂದು ತಾಯಿಗೆ ತಿಳಿದರೆ ಸಾಕು. 1947ರ ನವೆಂಬರ್ 12ರಂದು, ದೀಪಾವಳಿಯ ದಿನ, ಗಾಂಧೀಜಿ ದೆಹಲಿಯ ರೇಡಿಯೋ ನಿಲಯಕ್ಕೆ ಹೋಗಿ ಕುರುಕ್ಷೇತ್ರದ ಶಿಬಿರದಲ್ಲಿದ್ದ ನಿರಾಶ್ರಿತರನ್ನು ಉದ್ದೇಶಿಸಿ ಮಾತನಾಡಿದರು. ತಾವೇ ಅಲ್ಲಿಗೆ ಹೋಗಬೇಕೆಂದಿದ್ದರು, ಸಾಧ್ಯವಾಗಲಿಲ್ಲ. ಹಾಗಾಗಿ ದನಿಯನ್ನು ಕಳಿಸಿದರು. ಅವರು ನಿಲಯಕ್ಕೆ ಹೋಗಿ ಮಾತನಾಡಿದ್ದು ಅದೊಂದೇ ಸಲ. ಮನೆಮಠ ಕಳೆದುಕೊಂಡು ಗುಡಾರದಲ್ಲಿ ಕೂತವರಿಗೆ, ನಿಮ್ಮನ್ನು ನೆನೆಯುವವರು ಒಬ್ಬರಿದ್ದಾರೆ ಎಂದು ತಿಳಿಸಲು ಆ ಹೊತ್ತಿನಲ್ಲಿ ಇನ್ನೇನು ದಾರಿಯಿತ್ತು? ಬರಲಾಗದವನು ದನಿ ಕಳಿಸುವುದರಲ್ಲಿ ತಪ್ಪಿಲ್ಲ. ಬರುವ ಮನಸ್ಸೇ ಇಲ್ಲದವನು ದನಿ ಮಾತ್ರ ಕಳಿಸಿದಾಗ ತೊಡಕು ಶುರುವಾಗುತ್ತದೆ.

ಹಾಗಾಗಿ ಒಂದು ಗೆರೆ ಎಳೆದುಕೊಳ್ಳಬೇಕು. ಸುದ್ದಿ ತಿಳಿಸುವುದು ಬೇರೆ, ಬುದ್ಧಿ ಹೇಳುವುದು ಬೇರೆ. ನಾಳೆ ಮಳೆ ಬರುತ್ತದೆ ಎಂಬುದು ಸುದ್ದಿ. ಈ ಬೀಜ ಬಿತ್ತು, ಈ ಸಾಲ ಮಾಡು, ಇಷ್ಟೇ ಮಕ್ಕಳನ್ನು ಹೆರು ಎಂಬುದು ಬುದ್ಧಿಮಾತು. ಸುದ್ದಿ ತಪ್ಪಾದರೆ ಹೇಳಿದವನ ಮುಖಕ್ಕೆ ಮಸಿ ಹತ್ತುತ್ತದೆ. ಬುದ್ಧಿಮಾತು ತಪ್ಪಾದರೆ ಕೇಳಿದವನ ಬದುಕೇ ಹೋಗುತ್ತದೆ, ಹೇಳಿದವನದು ಏನೂ ಹೋಗುವುದಿಲ್ಲ. ಅಭಿವೃದ್ಧಿಯ ಮಾತೆಂದು ನಾವು ಕರೆಯುವುದರಲ್ಲಿ ಹೆಚ್ಚಿನದು ಈ ಎರಡನೆಯ ಬಗೆಯದು.

ಬುದ್ಧಿ ಹೇಳುವವರಿಗೆ ಕಿವಿಯೂ ಬೇಕು ಎಂಬುದು ನಮ್ಮ ರೇಡಿಯೋಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ ಐದು ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಸುಮಾರು 150 ಹಳ್ಳಿಗಳಲ್ಲಿ ತಲಾ ಇಪ್ಪತ್ತು ಜನರ ಕೂಟ. ವಾರಕ್ಕೆ ಎರಡು ಸಲ ಎಲ್ಲರೂ ಒಟ್ಟಿಗೆ ಕೂತು ಅರ್ಧ ಗಂಟೆ ರೇಡಿಯೋ ಕೇಳುವುದು, ಕೇಳಿದ ಮೇಲೆ ತಮ್ಮತಮ್ಮಲ್ಲಿ ಚರ್ಚಿಸುವುದು, ಹುಟ್ಟಿದ ಪ್ರಶ್ನೆಗಳನ್ನು ನಿಲಯಕ್ಕೆ ಬರೆಯುವುದು, ಮುಂದಿನ ಕಾರ್ಯಕ್ರಮದಲ್ಲಿ ಉತ್ತರ ಪಡೆಯುವುದು. ಈ ಕೂಟಗಳಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಹೆಚ್ಚಿದ್ದು ಅಧ್ಯಯನದಲ್ಲಿ ಸ್ಪಷ್ಟವಾಗಿ ಕಂಡುಬಂತು. ಆದರೆ ಅದನ್ನು ದೇಶಕ್ಕೆಲ್ಲ ಹಬ್ಬಿಸಲು ಹೋದಾಗ ಮೊದಲಿನ ಕಸುವು ಉಳಿಯಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ನೂರೈವತ್ತು ಹಳ್ಳಿಗಳ ಪತ್ರ ಓದಿ ಉತ್ತರಿಸಬಹುದು. ಲಕ್ಷಾಂತರ ಹಳ್ಳಿಗಳದ್ದನ್ನು ಓದಲು ಜನ ಬೇಕು, ಹಣ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಬಾಯಿಯನ್ನು ದೊಡ್ಡದು ಮಾಡಲು ಇನ್ನೊಂದು ಟ್ರಾನ್ಸ್‌ಮಿಟರ್ ಸಾಕು, ಕಿವಿಯನ್ನು ದೊಡ್ಡದು ಮಾಡುವ ಯಂತ್ರ ಮಾತ್ರ ಇರಲಿಲ್ಲ.

ಆದರೂ ರೇಡಿಯೋ ಮಾತು ನೆಲ ಮುಟ್ಟಿದ್ದುಂಟು. ಅರವತ್ತರ ದಶಕದಲ್ಲಿ ದೇಶ ಹೊರಗಿನ ಗೋಧಿಗೆ ಕಾಯುತ್ತಿದ್ದಾಗ ಆಕಾಶವಾಣಿಯ ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಶುರುವಾದವು. ತಂಜಾವೂರಿನ ರೈತರು ತಿರುಚ್ಚಿ ನಿಲಯದಿಂದ ಎಡಿಟಿ-27 ಎಂಬ ಭತ್ತದ ತಳಿಯ ಬಗ್ಗೆ ಕೇಳಿದರು, ಬಿತ್ತಿದರು, ಬೆಳೆದರು. ತಳಿಯ ಸರ್ಕಾರಿ ಹೆಸರು ಬಾಯಿಗೆ ಹತ್ತಲಿಲ್ಲ. 'ರೇಡಿಯೋ ಅಕ್ಕಿ' ಎಂದು ಕರೆದರು. ಈ ಹೆಸರು ನನಗೆ ಬಹಳ ಇಷ್ಟ. ಹೇಳಿದವರು ಯಾರೆಂಬುದನ್ನು ರೈತರು ಅಕ್ಕಿಯ ಹೆಸರಿಗೇ ಕಟ್ಟಿಬಿಟ್ಟರು. ಚೆನ್ನಾಗಿ ಬೆಳೆದರೆ ರೇಡಿಯೋಕ್ಕೆ ಕೀರ್ತಿ, ಬೆಳೆಯದಿದ್ದರೆ ಬೈಗುಳವೂ ಅದಕ್ಕೇ. ಶರೀರವಿಲ್ಲದ ವಾಣಿಗೆ ಅವರು ಒಂದು ವಿಳಾಸ ಕೊಟ್ಟರು.

ಆಕಾಶವಾಣಿಯ ಧ್ಯೇಯವಾಕ್ಯ 'ಬಹುಜನ ಹಿತಾಯ ಬಹುಜನ ಸುಖಾಯ'. ಹಿತ, ಸುಖ ಎರಡೂ ಅಲ್ಲಿವೆ. ಇವೆರಡೂ ಒಂದೇ ಅಲ್ಲವೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕಠೋಪನಿಷತ್ತಿನಲ್ಲಿ ಯಮ ಬಾಲಕ ನಚಿಕೇತನಿಗೆ ವಿವರಿಸುವುದು ಶ್ರೇಯಸ್ಸು ಮತ್ತು ಪ್ರೇಯಸ್ಸುಗಳ ನಡುವಿನ ಈ ವ್ಯತ್ಯಾಸವನ್ನೇ. ಆದರೆ ಅಲ್ಲಿ ಆರಿಸಿಕೊಳ್ಳುವವನು ನಚಿಕೇತ, ಯಮನಲ್ಲ. ಐವತ್ತರ ದಶಕದಲ್ಲಿ ಪ್ರಸಾರ ಖಾತೆಯ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಆ ಆಯ್ಕೆಯನ್ನು ತಾವೇ ಮಾಡಿದರು. ಜನಕ್ಕೆ ಶಾಸ್ತ್ರೀಯ ಸಂಗೀತ ಹಿತ, ಸಿನಿಮಾ ಹಾಡು ಅಹಿತ ಎಂದುಕೊಂಡು ಸಿನಿಮಾ ಹಾಡುಗಳನ್ನು ಆಕಾಶವಾಣಿಯಿಂದ ದೂರವಿಟ್ಟರು. ಕೇಳುಗರು ವಾದ ಮಾಡಲಿಲ್ಲ. ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅಮೀನ್ ಸಯಾನಿಯ ದನಿ ದೇಶದ ಮನೆಮನೆಗೆ ಬಂದದ್ದು ಕಡಲಾಚೆಯ ಕೊಲಂಬೋದಿಂದ. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಆ ಕಾಲದ ಕೇಳುಗರ ಕೈಯಲ್ಲಿದ್ದ ಒಂದೇ ಮತ ಆ ಮುಳ್ಳು. ಅದನ್ನು ಅವರು ಚಲಾಯಿಸಿದರು. ಹಾಡಿನ ವಿಷಯದಲ್ಲಿ ಇದು ಸಾಧ್ಯವಾಯಿತು. ಬೀಜ, ಸಾಲ, ನೀರಿನ ವಿಷಯದಲ್ಲಿ ತಿರುಗಿಸಲು ಇನ್ನೊಂದು ನಿಲಯ ಇರಲಿಲ್ಲ.

ತಿರುಗಿಸಲು ಜಾಗವೇ ಇಲ್ಲದ ಕಾಲವೂ ಬಂತು. 1975ರ ಜೂನ್ 26ರ ಬೆಳಗ್ಗೆ ತುರ್ತು ಪರಿಸ್ಥಿತಿಯ ಸುದ್ದಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಿಂದಲೇ. ಮುಂದಿನ ತಿಂಗಳುಗಳಲ್ಲಿ ಪತ್ರಿಕೆಗಳಿಗೆ ಸೆನ್ಸಾರು, ರೇಡಿಯೋದಲ್ಲಿ ಸರ್ಕಾರದ ಇಪ್ಪತ್ತು ಅಂಶಗಳ ಗುಣಗಾನ, ಚಿಕ್ಕ ಸಂಸಾರದ ಉಪದೇಶ. ಚಿಕ್ಕ ಸಂಸಾರ ಒಳ್ಳೆಯದು ಎಂಬ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಉತ್ತರದ ಹಳ್ಳಿಗಳಲ್ಲಿ ಜನರನ್ನು ಹಿಡಿದೊಯ್ದು ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಅದೇ ಮಾತು ಬೇರೆಯಾಗಿ ಕೇಳಿಸಿತು. ಕೇಳುವ ಕಿವಿಯನ್ನು ಮುಚ್ಚಿಕೊಂಡಿದ್ದ ಸರ್ಕಾರಕ್ಕೆ ಜನರ ಮನಸ್ಸಿನಲ್ಲಿ ಏನಿದೆಯೆಂದು ತಿಳಿದದ್ದು 1977ರ ಮಾರ್ಚ್‌ನಲ್ಲಿ ಮತ ಎಣಿಸಿದಾಗ. ಹಿತವಚನವೂ ಪ್ರಶ್ನೆಗೆ ಎಡೆಯಿಲ್ಲದ ಕಡೆ ಆಜ್ಞೆಯಾಗುತ್ತದೆ.

ಇಷ್ಟನ್ನೆಲ್ಲ ದೂರ ನಿಂತು ಬರೆಯುವುದು ಸುಲಭ. ಸರ್ಕಾರ, ಮಂತ್ರಿ, ನಿಲಯ ಎಂದು ಹೇಳುತ್ತಾ ಹೋದರೆ ತಪ್ಪೆಲ್ಲ ಎಲ್ಲೋ ಆಕಾಶದಲ್ಲಿ ಇರುವಂತೆ ಕಾಣುತ್ತದೆ. ಆದರೆ ನಾನೂ ಸ್ವಲ್ಪ ಕಾಲ ಆ ದನಿಯಾಗಿದ್ದೆ.

ಎಂ.ಎ. ಮುಗಿಸಿದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ರೇಡಿಯೋ ನಿಲಯದಲ್ಲಿ ಮೂರು ವರ್ಷ ತಾತ್ಕಾಲಿಕ ಉದ್ಘೋಷಕಿಯಾಗಿ ಕೆಲಸ ಮಾಡಿದೆ. ತಿಂಗಳಿಗೆ ಆರೇಳು ಪಾಳಿ. ಕೆಲಸ ಸಿಕ್ಕ ಸುದ್ದಿ ಹೇಳಲು ಊರಿಗೆ ಹೋದಾಗ ಅಜ್ಜಿ ಕೇಳಿದ ಪ್ರಶ್ನೆ ಒಂದೇ. "ಅಲ್ಲಿ ಕೂತ್ಕಂಡ್ರೆ ನಾನಿಲ್ಲಿ ಬೈಯೋದು ನಿಂಗೆ ಕೇಳ್ತದಾ?" ನಾವೆಲ್ಲ ನಕ್ಕೆವು.

ನನ್ನ ಕೆಲಸಗಳಲ್ಲಿ ರೈತರ ಕಾರ್ಯಕ್ರಮದ ಬರಹ ಓದುವುದೂ ಒಂದು. ತಜ್ಞರು ಬರೆದುಕೊಟ್ಟದ್ದನ್ನು ನಾನು ಓದಬೇಕು. ಗಾಜಿನ ಕೋಣೆ, ಕೆಂಪು ದೀಪ, ಮೈಕು. ಎದುರಿಗೆ ಯಾರೂ ಇರುವುದಿಲ್ಲ. ಯಾರನ್ನಾದರೂ ಕಲ್ಪಿಸಿಕೊಂಡು ಅವರಿಗೆ ಹೇಳಿದಂತೆ ಓದು ಎಂದು ಹಿರಿಯ ಉದ್ಘೋಷಕರೊಬ್ಬರು ಕಲಿಸಿದ್ದರು. ನಾನು ನಮ್ಮ ಜಗಲಿಯನ್ನೇ ಕಲ್ಪಿಸಿಕೊಂಡು ಓದುತ್ತಿದ್ದೆ. ಚೆನ್ನಾಗಿ ಓದುತ್ತೀ ಎಂದು ಎಲ್ಲರೂ ಹೇಳುತ್ತಿದ್ದರು.

ಒಂದು ಸಲ ಕೊಳವೆಬಾವಿ ನೀರಾವರಿಯ ಬಗ್ಗೆ ಓದಿದೆ. ಮಳೆಯನ್ನೇ ನಂಬಿ ಕೂರಬೇಡಿ, ಬ್ಯಾಂಕು ಸಾಲ ಕೊಡುತ್ತದೆ, ನೀರಿದ್ದರೆ ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು, ಟೊಮೆಟೊದಲ್ಲಿ ಇಷ್ಟು ಲಾಭವಿದೆ. ಬರಹದಲ್ಲಿದ್ದ ಲೆಕ್ಕ ಸರಿಯಾಗಿಯೇ ಇತ್ತು. ಹತ್ತು ನಿಮಿಷ ಓದಿ, ಫೇಡರ್ ಇಳಿಸಿ, ಭಾವಗೀತೆ ಹಾಕಿ ಚಹಾ ಕುಡಿಯಲು ಹೋದೆ.

ವರ್ಷವೊಂದು ಕಳೆದ ಮೇಲೆ ಆ ಪತ್ರ ಬಂತು. ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ನಾಲ್ಕೂ ಮಗ್ಗುಲು ಬರವಣಿಗೆ. ಬಹುಶಃ ಮಗನೋ ಮಗಳೋ ಬರೆದುಕೊಟ್ಟದ್ದು. ಅಕ್ಷರ ಮಕ್ಕಳದ್ದು, ಮಾತು ದೊಡ್ಡವರದು. ಬಯಲುಸೀಮೆಯ ಒಂದು ಹಳ್ಳಿಯ ರೈತ. ನಮ್ಮ ಕಾರ್ಯಕ್ರಮ ಕೇಳಿ ಸಾಲ ತೆಗೆದು ಬಾವಿ ಕೊರೆಸಿದ್ದ. 380 ಅಡಿಗೆ ನೀರು ಬರಲಿಲ್ಲ. ಹೆಂಡತಿಯ ಓಲೆ ಅಡವಿಟ್ಟು ಇನ್ನೊಂದು ಕೊರೆಸಿದ್ದ. ಅದರಲ್ಲಿ ಬಂದ ನೀರು ನಾಲ್ಕು ತಿಂಗಳಿಗೆ ನಿಂತಿತು. ಇದಿಷ್ಟನ್ನೂ ಕೋಪವಿಲ್ಲದೆ, ಯಾರದೋ ಕತೆ ಎಂಬಂತೆ ಬರೆಸಿದ್ದ. ಕೊನೆಯಲ್ಲಿ ಎರಡು ಮಾತು ಇದ್ದವು. ನೀರು ಬಾರದೆ ಹೋದರೆ ಏನು ಮಾಡಬೇಕು ಎಂಬುದನ್ನು ಆ ದಿವಸ ಯಾಕೆ ಹೇಳಲಿಲ್ಲ ಎಂಬುದು ಒಂದು. ಆ ಹೆಣ್ಣುಮಗಳ ದನಿ ನಮ್ಮ ಮನೆ ಮಗಳ ದನಿಯ ಹಾಗೆ ಇತ್ತು, ಅದಕ್ಕೇ ನಂಬಿದೆ ಎಂಬುದು ಇನ್ನೊಂದು.

ಪತ್ರೋತ್ತರದ ಕಾರ್ಯಕ್ರಮಕ್ಕೆ ಪತ್ರ ಆರಿಸುತ್ತಿದ್ದವಳೂ ನಾನೇ. ಅದನ್ನು ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ. ಪೂರ್ತಿ ಓದಿದರು, ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡಮ್ಮ, ಇದನ್ನ ಓದಿದ್ರೆ ನಾವು ಉತ್ತರ ಕೊಡಬೇಕಾಗುತ್ತೆ. ನಮ್ಮ ಹತ್ರ ಉತ್ತರ ಇಲ್ಲ. ಇಲಾಖೆಗೆ ಒಂದು ಪ್ರತಿ ಕಳಿಸೋಣ" ಎಂದರು. ಆ ವಾರ ನಾನು ಓದಿದ್ದು ಕಾರ್ಯಕ್ರಮ ಸೊಗಸಾಗಿತ್ತು ಎಂದು ಹೊಗಳಿದ ನಾಲ್ಕು ಪತ್ರಗಳನ್ನು.

ಮೂಲ ಪತ್ರ ನನ್ನ ಚೀಲದಲ್ಲೇ ಉಳಿಯಿತು. ಆಮೇಲೆ ಟ್ರಂಕಿಗೆ ಹೋಯಿತು. ಅದರಲ್ಲಿ ವಿಳಾಸವಿತ್ತು. ಉತ್ತರ ಬರೆಯಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಪೋಸ್ಟ್‌ಕಾರ್ಡು ಸಾಕಿತ್ತು. ನಾನು ಬರೆಯಲಿಲ್ಲ.

ಆಗ ನನಗೆ ನಾನೇ ಹೇಳಿಕೊಂಡ ಸಮಾಧಾನಗಳು ಇವತ್ತಿಗೂ ನೆನಪಿವೆ. ಬರಹ ನನ್ನದಲ್ಲ. ಲೆಕ್ಕ ತಜ್ಞರದು. ಸಾಲ ಕೊಟ್ಟದ್ದು ಬ್ಯಾಂಕು. ನೀರು ಕೊಡುವುದು ಬಿಡುವುದು ಭೂಮಿಗೆ ಸೇರಿದ್ದು. ನಾನು ಬರಿಯ ದನಿ. ಒಂದೊಂದೂ ನಿಜವೇ. ಆದರೆ ಆ ಮನುಷ್ಯ ನಂಬಿದ್ದು ತಜ್ಞರನ್ನಲ್ಲ, ಬ್ಯಾಂಕನ್ನಲ್ಲ, ಆ ದನಿಯನ್ನು. ನಾನು ಬರಿಯ ದನಿ ಎಂದು ಹೇಳಿಕೊಳ್ಳುವುದೆಂದರೆ ನನಗೆ ಶರೀರವಿಲ್ಲ ಎಂದು ಹೇಳಿಕೊಂಡಂತೆ. ಅಶರೀರವಾಣಿ ಎಂಬುದು ಆಕಾಶದಲ್ಲಿ ಹುಟ್ಟುವುದಿಲ್ಲ. ಇದು ನನ್ನ ಮಾತಲ್ಲ, ನಾನು ಬರಿ ಓದಿದೆ, ನಾನು ಬರಿ ಕಳಿಸಿದೆ ಎಂದು ಪ್ರತಿಯೊಬ್ಬರೂ ಪಕ್ಕಕ್ಕೆ ಸರಿದು ನಿಂತಾಗ ನಡುವೆ ಉಳಿಯುವ ಖಾಲಿ ಜಾಗದಿಂದ ಅದು ಹುಟ್ಟುತ್ತದೆ.

ಜರ್ಮನಿಯ ನಾಟಕಕಾರ ಬ್ರೆಕ್ಟ್ 1932ರಷ್ಟು ಹಿಂದೆಯೇ ಇದರ ಬಗ್ಗೆ ಯೋಚಿಸಿದ್ದ. ರೇಡಿಯೋ ಬರಿ ಹಂಚುವ ಯಂತ್ರವಾಗಿ ಉಳಿಯಬಾರದು, ಕೇಳುಗನೂ ಮಾತನಾಡುವಂತಾಗಬೇಕು ಎಂಬುದು ಅವನ ವಾದ. ಆಗ ಅದು ಕನಸಿನಂತೆ ಕಂಡಿರಬೇಕು. ನಮ್ಮಲ್ಲಿ ಅದಕ್ಕೆ ಬಾಗಿಲು ತೆರೆದದ್ದು 1995ರಲ್ಲಿ, ಬಾನಿನ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದಾಗ. ಆದರೂ ಹಳ್ಳಿಯ ಜನ ತಮ್ಮದೇ ನಿಲಯ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅದಕ್ಕೊಂದು ಉಪಾಯ ಕಂಡುಕೊಂಡರು. ಗಾಳಿಯಲ್ಲಿ ದನಿ ಬಿಡಲು ತಾನೇ ಅನುಮತಿ ಬೇಕು? ಟಿವಿಯ ಕೇಬಲ್ಲಿನಲ್ಲಿ ಬಿಟ್ಟರು. 'ನಮ್ಮ ಧ್ವನಿ' ಹೀಗೆ ಮನೆಮನೆಗೆ ಹೋಯಿತು. ಊರಿನವರೇ ರೆಕಾರ್ಡು ಮಾಡಿದರು, ಊರಿನವರೇ ಮಾತನಾಡಿದರು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಅವಕಾಶ ಸಿಕ್ಕಿತು. ಬೀದರಿನ ಆಚೆ, ತೆಲಂಗಾಣದ ಜಹೀರಾಬಾದಿನ ಕಡೆ, 2008ರಿಂದ ದಲಿತ ಹೆಣ್ಣುಮಕ್ಕಳೇ 'ಸಂಘಂ ರೇಡಿಯೋ' ನಡೆಸುತ್ತಿದ್ದಾರೆ. ಅಲ್ಲಿ ಬೀಜದ ಬಗ್ಗೆ ಮಾತನಾಡುವವಳು ಆ ಬೀಜವನ್ನು ತನ್ನ ಮನೆಯ ಮಡಕೆಯಲ್ಲಿ ಕಾಪಿಟ್ಟವಳು. ಅವಳು ಹೇಳಿದ್ದು ತಪ್ಪಾದರೆ ಮರುದಿನ ಬಾವಿಕಟ್ಟೆಯಲ್ಲಿ ಕೇಳುವವರಿದ್ದಾರೆ. ನಮ್ಮಜ್ಜಿ ಬಯಸಿದ ಕಿವಿ ಇದೇ ಇರಬೇಕು.

ಹಾಗಾದರೆ ಎಲ್ಲರ ಕೈಗೂ ಮೈಕು ಕೊಟ್ಟರೆ ಸಮಸ್ಯೆ ಮುಗಿಯಿತೇ? ಹಾಗೂ ಹೇಳಲಾಗದು. 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ಎಂಬ ಖಾಸಗಿ ರೇಡಿಯೋ ಜನರ ಆಡುಮಾತಿನಲ್ಲೇ, ಹಾಡು ಹರಟೆಗಳ ನಡುವೆಯೇ, ನೆರೆಯವರನ್ನು ಕೊಲ್ಲಿ ಎಂದು ಹುರಿದುಂಬಿಸಿತು. ಅಲ್ಲಿ ಕೇಳುಗರೂ ಮಾತನಾಡುತ್ತಿದ್ದರು. ಜನರಿಗೆ ಹತ್ತಿರವಾದ ದನಿ ಎಂಬುದೊಂದೇ ಅದನ್ನು ಒಳ್ಳೆಯದು ಮಾಡಲಿಲ್ಲ. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೋ ಸ್ಥಾಪಿಸಿದವರಿಗೆ ಶಿಕ್ಷೆ ವಿಧಿಸಿತು. ಆಡಿದ ಮಾತಿಗೂ ಒಂದು ಶರೀರವಿದೆ, ಅದನ್ನು ಕಟಕಟೆಯಲ್ಲಿ ನಿಲ್ಲಿಸಬಹುದು ಎಂದು ಆ ತೀರ್ಪು ಹೇಳಿತು. ಹಾಗಾಗಿ ಕಿವಿ ಎಂದರೆ ಎದುರುತ್ತರ ಕೇಳಿಸಿಕೊಳ್ಳುವ ವ್ಯವಸ್ಥೆ ಮಾತ್ರವಲ್ಲ. ನನ್ನ ಮಾತಿನಿಂದ ನಿನಗೆ ಏನಾಯಿತು ಎಂದು ಕೇಳುವ ಮನಸ್ಸು ಅದು. ಉತ್ತರ ನಮಗೆ ಹಿಡಿಸದಿದ್ದರೂ ಕೇಳಬೇಕು.

ರೇಡಿಯೋ ಕಾಲ ಮುಗಿಯಿತಲ್ಲ, ಈಗೇಕೆ ಈ ಮಾತು ಎಂದು ಕಿರಿಯ ಗೆಳೆಯರು ಕೇಳಬಹುದು. ಆದರೆ ಬುದ್ಧಿ ಹೇಳುವ ಕಾಲ ಮುಗಿದಿಲ್ಲ. ಈಗ ರೈತನಿಗೆ ಮೊಬೈಲಿನಲ್ಲಿ ಸಂದೇಶ ಬರುತ್ತದೆ, ಯೂಟ್ಯೂಬಿನಲ್ಲಿ ಎಕರೆಗೆ ಲಕ್ಷಗಟ್ಟಲೆ ಲಾಭ ತೆಗೆಯುವ ಉಪಾಯ ಹೇಳುವವರು ಸಿಗುತ್ತಾರೆ. ಪ್ರತಿಕ್ರಿಯೆ ಬರೆಯಲು ಕೆಳಗೆ ಜಾಗವೂ ಇದೆ. ಆದರೂ ನೀರು ಬಾರದೆ ಹೋದವನ ಪತ್ರವನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆ ಹಾಗೆಯೇ ಇದೆ. ನಿಮ್ಮಲ್ಲಿ ಮುಂದೆ ಮೇಷ್ಟರಾಗುವವರು, ಅಧಿಕಾರಿಗಳಾಗುವವರು, ಬರೆಯುವವರು ಇದ್ದೀರಿ. ಒಂದಲ್ಲ ಒಂದು ದಿನ ಯಾರದೋ ಒಳಿತಿನ ಬಗ್ಗೆ ನೀವು ಮಾತನಾಡಲೇಬೇಕಾಗುತ್ತದೆ. ಆಗ ಮಾತನಾಡದೆ ಸುಮ್ಮನಿರಿ ಎಂದು ನಾನು ಹೇಳಲಾರೆ. ಸುಮ್ಮನಿದ್ದಿದ್ದರೆ ತಂಜಾವೂರಿನಲ್ಲಿ ಆ ಅಕ್ಕಿ ಬೆಳೆಯುತ್ತಿರಲಿಲ್ಲ. ಬುದ್ಧಿ ಹೇಳುವ ಹಕ್ಕು ಓದಿನಿಂದಲೋ ಹುದ್ದೆಯಿಂದಲೋ ಬರುವುದಿಲ್ಲ, ಹೇಳಿದ ಮೇಲೂ ಅಲ್ಲೇ ನಿಂತಿರುವುದರಿಂದ ಬರುತ್ತದೆ ಎಂದಷ್ಟೇ ನನ್ನ ಮಾತು. ಬೆಳೆ ಕೈಗೆ ಬರುವವರೆಗೆ, ಇಲ್ಲವೇ ಬಾರದೆ ಹೋಗುವವರೆಗೆ ನಿಂತಿರಬೇಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳಲಿಕ್ಕಾದರೂ ನಿಂತಿರಬೇಕು.

ಕಳೆದ ವರ್ಷ ಮನೆ ಬದಲಿಸುವಾಗ ಟ್ರಂಕಿನಲ್ಲಿ ಆ ಪತ್ರ ಮತ್ತೆ ಸಿಕ್ಕಿತು. ಮಡಿಕೆಯ ಗುರುತಿನಲ್ಲಿ ಹರಿದಿತ್ತು, ಅಕ್ಷರ ಮಾಸಿರಲಿಲ್ಲ. ಬರೆದುಕೊಟ್ಟ ಮಗುವಿಗೆ ಈಗ ನಲವತ್ತರ ಹತ್ತಿರ ಆಗಿರಬೇಕು. ನಾನು ಕೂತು ಉತ್ತರ ಬರೆದೆ. ಹೆಚ್ಚೇನೂ ಇಲ್ಲ: ಪತ್ರ ತಲುಪಿತ್ತು, ಓದಿದ್ದೆ, ಆ ದಿನ ಓದಿದ ದನಿ ನನ್ನದೇ, ನೀರು ಬಾರದಿದ್ದರೆ ಏನು ಮಾಡಬೇಕೆಂದು ಹೇಳದೆ ಹೋದದ್ದು ತಪ್ಪು. ಕೆಳಗೆ ನನ್ನ ಹೆಸರು, ಊರು, ಫೋನ್ ನಂಬರು ಹಾಕಿ ಅಂಚೆಗೆ ಹಾಕಿದೆ. ಈವರೆಗೆ ಯಾರೂ ಕರೆ ಮಾಡಿಲ್ಲ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಮೊದಲು ಎತ್ತುತ್ತಿರಲಿಲ್ಲ, ಈಗ ಎತ್ತುತ್ತೇನೆ.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಪ್ರಶ್ನೆಗೆ ಆಗ ನಗುವ ಬದಲು ಕೇಳ್ತದೆ ಅಜ್ಜಿ ಎಂದು ಹೇಳಬಹುದಿತ್ತು. ಹೇಳಿದ್ದರೆ ಕೇಳಿಸಿಕೊಳ್ಳಬೇಕಾಗುತ್ತಿತ್ತು.